ಹರಿಗೋಲು: ಬಿದಿರು, ತೊಗಲು ಮತ್ತು ಒಂದು ರೂಪಕದ ಚರಿತ್ರೆ

‘ಹರಿಗೋಲು ಎಂದರೆ ದೋಣಿ.’ ಪಠ್ಯಪುಸ್ತಕಗಳ ಕೊನೆಯಲ್ಲಿ ಅಚ್ಚಾಗುವ ಶಬ್ದಾರ್ಥಗಳ ಪಟ್ಟಿಯಲ್ಲಿ ಈ ಪದಕ್ಕೆ ಸಾಮಾನ್ಯವಾಗಿ ದೊರೆಯುವ ವಿವರಣೆ ಇಷ್ಟೇ. ನಾನೂ ಬಹುಕಾಲ ತರಗತಿಯಲ್ಲಿ ಇದನ್ನೇ ಹೇಳುತ್ತ ಬಂದೆ. ಪುರಂದರದಾಸರು ಅಂಬಿಗನನ್ನು ಸಂಬೋಧಿಸಿ ಹಾಡಿದ ಪ್ರಸಿದ್ಧ ಕೀರ್ತನೆಯನ್ನು ಬೋಧಿಸುವಾಗ, ದೇಹವೇ ದೋಣಿ, ಸಂಸಾರವೇ ಹೊಳೆ, ದೇವರೇ ಅಂಬಿಗ, ದೇಹದ ನವರಂಧ್ರಗಳೇ ದೋಣಿಯ ಒಂಬತ್ತು ತೂತುಗಳು ಎಂದು ರೂಪಕವನ್ನು ಬಿಡಿಸಿ, ವಿದ್ಯಾರ್ಥಿಗಳು ಅದನ್ನು ಬರೆದುಕೊಂಡ ಮೇಲೆ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ.

ಸುಮಾರು ಹದಿನೈದು ವರ್ಷಗಳ ಹಿಂದೆ, ತುಂಗಭದ್ರೆಯ ದಂಡೆಯ ಹಳ್ಳಿಯೊಂದರಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಈ ವಿವರಣೆಯ ನಡುವೆ ಎದ್ದು ನಿಂತಳು. “ಸರ್, ದೋಣಿಗೆ ಒಂಬತ್ತು ತೂತು ಬಿದ್ರ ಅದು ಮುಳುಗೇ ಬಿಡ್ತದರಿ. ಆಮ್ಯಾಲೆ ಅಂಬಿಗನ್ನ ಕರದು ಏನು ಮಾಡೋದರಿ? ಹರಿಗೋಲಿನ್ಯಾಗಾದ್ರ ನೀರು ಜಿನುಗೋದು ದಿನಾ ಇದ್ದದ್ದರಿ” ಎಂದಳು. ತರಗತಿ ನಕ್ಕಿತು. ನನ್ನ ಬಳಿ ಉತ್ತರವಿರಲಿಲ್ಲ. ಏಕೆಂದರೆ ದೋಣಿಗೂ ಹರಿಗೋಲಿಗೂ ಇರುವ ವ್ಯತ್ಯಾಸವನ್ನು ನಾನು ಓದಿ ತಿಳಿದಿದ್ದೆನೇ ಹೊರತು, ಆ ವ್ಯತ್ಯಾಸವು ಪದ್ಯದ ಅರ್ಥವನ್ನೇ ಬದಲಿಸಬಲ್ಲದೆಂದು ಯೋಚಿಸಿರಲಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿ ಕಂಡುಕೊಂಡ ಕೆಲವು ಸಂಗತಿಗಳನ್ನು ಪ್ರಸ್ತುತ ಲೇಖನದಲ್ಲಿ ನಿರೂಪಿಸಲಾಗಿದೆ. ಹರಿಗೋಲು ಕೇವಲ ದೋಣಿಯಲ್ಲ. ಅದು ಬಿದಿರಿನ ಹಂದರಕ್ಕೆ ತೊಗಲು ಹೊದಿಸಿ ಕಟ್ಟಿದ ಒಂದು ವಿಶಿಷ್ಟ ಜಲವಾಹನ. ಇದನ್ನು ಮರೆತರೆ ನಮ್ಮ ಕಾವ್ಯದ ಒಂದು ಮುಖ್ಯ ರೂಪಕವೂ ಆ ರೂಪಕಕ್ಕೆ ಆಧಾರವನ್ನು ಒದಗಿಸಿದ ಶ್ರಮಿಕರೂ ಏಕಕಾಲಕ್ಕೆ ಕಣ್ಮರೆಯಾಗುತ್ತಾರೆ ಎಂಬುದು ಇಲ್ಲಿಯ ಪ್ರತಿಪಾದನೆ.

ಪದದ ವಿಚಾರ

ಕನ್ನಡದಲ್ಲಿ ನೀರಿನ ಮೇಲೆ ಸಾಗುವ ವಾಹನಗಳಿಗೆ ಹಲವು ಹೆಸರುಗಳಿವೆ. ಹಡಗು, ಬೈತ್ರ, ನಾವೆ, ದೋಣಿ, ತೆಪ್ಪ, ಹರಿಗೋಲು ಇವು ಪರ್ಯಾಯ ಪದಗಳಂತೆ ಕಂಡರೂ ವಸ್ತುತಃ ಬೇರೆ ಬೇರೆ ವಸ್ತುಗಳನ್ನು ಸೂಚಿಸುತ್ತವೆ. ಹಡಗು, ಬೈತ್ರಗಳು ಕಡಲಿನವು. ದೋಣಿ ಮರದ ದಿಮ್ಮಿಯನ್ನು ಕೊರೆದೋ ಹಲಗೆಗಳನ್ನು ಜೋಡಿಸಿಯೋ ಮಾಡಿದ್ದು. ತೆಪ್ಪವು ಮೂಲತಃ ತೇಲುವ ವಸ್ತುಗಳನ್ನು ಒಟ್ಟಿಗೆ ಬಿಗಿದು ಕಟ್ಟಿದ್ದು. ಕಾವೇರಿಯ ಸೀಮೆಯಲ್ಲಿ ಹರಿಗೋಲನ್ನೂ ತೆಪ್ಪವೆಂದೇ ಕರೆಯುವ ರೂಢಿಯಿದೆ. ಗಡಿಯ ಆಚೆ ತೆಲುಗಿನವರು ಇದನ್ನು ಪುಟ್ಟಿ ಎನ್ನುತ್ತಾರೆ. ನಮ್ಮ ರಾಯಚೂರು ಭಾಗದಲ್ಲಿಯೂ ಆ ಮಾತು ಕೇಳಿಬರುತ್ತದೆ. ತಮಿಳಿನಲ್ಲಿ ಇದರ ಹೆಸರು ಪರಿಸಲ್.

ತಮಿಳಿನ ಪರಿಸಲ್ ಮತ್ತು ಕನ್ನಡದ ಹರಿಗೋಲು ಈ ಎರಡೂ ಪದಗಳ ಮೊದಲ ಭಾಗದಲ್ಲಿ ಕಾಣುವ ಸಾಮ್ಯ ಆಕಸ್ಮಿಕವಲ್ಲವೆಂದು ತೋರುತ್ತದೆ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುವುದು ವ್ಯಾಕರಣದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ನಿಯಮ: ಪಾಲು ಹಾಲಾಯಿತು, ಪೂವು ಹೂವಾಯಿತು, ಪರಿ ಎಂಬುದು ಹರಿಯಾಯಿತು. ಸಮಾಸದಲ್ಲಿ ಉತ್ತರಪದದ ಆದಿಯ ಕಕಾರಕ್ಕೆ ಗಕಾರ ಆದೇಶವಾಗಿ ಬರುವುದೂ ಸಹಜ. ಹೀಗೆ ನೋಡಿದರೆ ಹರಿಗೋಲು ಎಂಬಲ್ಲಿಯ ಗೋಲು ಕೋಲೇ ಆಗಿರಬೇಕು. ಹರಿಯುವ ನೀರಿನಲ್ಲಿ ಕೋಲೂರಿ ನಡೆಸುವ ವಾಹನ ಎಂಬ ಅರ್ಥ ಇಲ್ಲಿ ಹೊಂದುತ್ತದೆ. ಈ ನಿಷ್ಪತ್ತಿಯ ಬಗೆಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ಆದರೆ ಸಂಸ್ಕೃತದ ನೌಕಾವಾಚಕ ಪದಗಳ ಹಂಗಿಲ್ಲದೆ ದಕ್ಷಿಣದ ನದಿಗಳ ದಂಡೆಯಲ್ಲಿಯೇ ಹುಟ್ಟಿ ಬೆಳೆದ ಪದ ಇದೆಂಬುದರಲ್ಲಿ ಸಂದೇಹವಿಲ್ಲ. ‘ಹರಿ’ ಎಂಬ ಮೊದಲ ಭಾಗವು ವಿಷ್ಣುವಾಚಕದೊಡನೆ ಧ್ವನಿಯಲ್ಲಿ ಒಂದಾದುದು ದಾಸರಿಗೆ ಅಯಾಚಿತವಾಗಿ ದೊರೆತ ಶ್ಲೇಷೆ.

ಕಟ್ಟುವ ಬಗೆ

ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯ ಅಜ್ಜ ಹಿಂದೆ ಹರಿಗೋಲು ನಡೆಸುತ್ತಿದ್ದವರು. ಆ ವರ್ಷದ ಬೇಸಿಗೆ ರಜೆಯಲ್ಲಿ ಅವರ ಊರಿಗೆ ಹೋದೆ. “ಅಜ್ಜಾ, ನಿಮ್ಮ ಕಾಲದ ದೋಣಿಗಳ ಬಗ್ಗೆ ಕೇಳಬೇಕಾಗಿತ್ತು” ಎಂದೆ. ಅವರು ನಕ್ಕು, “ಮಾಸ್ತರ್ರ, ದೋಣಿ ಅನಬ್ಯಾಡ್ರಿ. ಅದು ಬುಟ್ಟಿರಿ. ಬುಟ್ಟಿಗೆ ತೊಗಲು ಹೊಚ್ಚಿದ್ರ ಹರಿಗೋಲು ಆಗತೈತಿ” ಎಂದರು. ನಿಘಂಟುಗಳಲ್ಲಿ ನಾನು ಕಂಡ ಯಾವ ನಿರ್ವಚನವೂ ಇದಕ್ಕಿಂತ ಖಚಿತವಾಗಿರಲಿಲ್ಲ.

ನದಿಯ ದಂಡೆಯಲ್ಲಿ ಅವರು ತೋರಿಸಿದ ಕಟ್ಟುವ ಕ್ರಮ ಸಂಕ್ಷೇಪವಾಗಿ ಹೀಗಿದೆ. ಮೊದಲು ಬಿದಿರನ್ನು ಉದ್ದುದ್ದವಾಗಿ ಸೀಳಿ ದಬ್ಬೆಗಳನ್ನು ಮಾಡಿಕೊಳ್ಳುತ್ತಾರೆ. ಅವನ್ನು ಸಮತಟ್ಟಾದ ನೆಲದ ಮೇಲೆ ಹಲವು ದಿಕ್ಕುಗಳಲ್ಲಿ ಒಂದರ ಮೇಲೊಂದು ಹಾಯುವಂತೆ ಹರಡಿ, ನಡುವೆ ಆರು ಮೂಲೆಯ ಕಿಂಡಿಗಳು ಉಳಿಯುವಂತೆ ಹೆಣೆಯುತ್ತಾರೆ. ಇದೇ ತಳ. ತಳ ಮೇಲೇಳದಂತೆ ಅದರ ಮೇಲೆ ಕಲ್ಲುಗಳನ್ನು ಹೇರುತ್ತಾರೆ. ಬಳಿಕ ಸುತ್ತಲೂ ಹೊರಚಾಚಿದ ದಬ್ಬೆಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ, ಅಡ್ಡದಬ್ಬೆಗಳನ್ನು ಸುತ್ತಿ ಹೆಣೆದು ಗೋಡೆಯನ್ನು ಎಬ್ಬಿಸುತ್ತಾರೆ. ಬಾಯಿಯ ಅಂಚಿಗೆ ಹಲವು ದಬ್ಬೆಗಳನ್ನು ಕಂತೆಯಾಗಿ ಸೇರಿಸಿ ಬಿಗಿದರೆ ಹಂದರ ಮುಗಿಯಿತು. ಇದರಲ್ಲಿ ಒಂದು ಮೊಳೆಯೂ ಇರುವುದಿಲ್ಲ. ಸಾಮಾನ್ಯ ಹರಿಗೋಲಿನ ವ್ಯಾಸ ಸುಮಾರು 2ರಿಂದ 2.5 ಮೀಟರ್, ಸರಕು ಸಾಗಿಸುವವು ಇನ್ನೂ ದೊಡ್ಡವು. ಬೇಕಾಗುವ ಉಪಕರಣ ಒಂದು ಕತ್ತಿ, ಬೇಕಾಗುವ ಸ್ಥಳ ಒಂದು ಅಂಗಳ. ಕೈ ಪಳಗಿದವರು ಚಿಕ್ಕ ಹರಿಗೋಲಿನ ಹಂದರವನ್ನು ಮನೆಯಂಗಳದಲ್ಲಿ ಒಂದೇ ದಿನದಲ್ಲಿ ಹೆಣೆದು ಮುಗಿಸಬಲ್ಲರು.

ಹಂದರದ ಮೇಲೆ ಹೊದಿಕೆ. ಇಂದು ಪ್ಲಾಸ್ಟಿಕ್ ಹಾಳೆಯನ್ನೋ ಗೊಬ್ಬರದ ಚೀಲಗಳನ್ನೋ ಹೊದಿಸಿ ಡಾಂಬರು ಬಳಿಯುತ್ತಾರೆ. ಅಜ್ಜನ ಎಳೆತನದಲ್ಲಿ ಅದು ತೊಗಲೇ ಆಗಿತ್ತು. ಒಂದು ತೊಗಲು ಇಡೀ ಹರಿಗೋಲಿಗೆ ಸಾಲದು. ಆದ್ದರಿಂದ ಹದಮಾಡಿದ ಹಲವು ತೊಗಲುಗಳನ್ನು ಹೊಲಿದು ಜೋಡಿಸಿ, ಬುಟ್ಟಿಯ ಹೊರಮೈಗೆ ಎಳೆದು, ಬಾಯಿಯಂಚಿಗೆ ಮಿಣಿಯಿಂದ ಬಿಗಿಯಬೇಕು. ಹೊಲಿಗೆ ಇದ್ದಲ್ಲಿ ನೀರು ಜಿನುಗುತ್ತದೆ. ತೊಗಲು ಸದಾ ನೆನೆದಿದ್ದರೆ ಕೊಳೆಯುತ್ತದೆ. ಬಿಸಿಲಿಗೆ ಅತಿಯಾಗಿ ಒಣಗಿದರೆ ಬಿರಿಯುತ್ತದೆ. ಹೀಗಾಗಿ ಕೆಲಸ ಮುಗಿದೊಡನೆ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಬೇಕು, ಎಣ್ಣೆ ಅಥವಾ ಕೊಬ್ಬು ಸವರಬೇಕು, ಸವೆದಲ್ಲಿ ತೇಪೆ ಹಾಕಬೇಕು, ನಡುಹೊಳೆಯಲ್ಲಿ ಒಳಬಂದ ನೀರನ್ನು ಮೊಗೆದು ಚೆಲ್ಲುತ್ತಿರಬೇಕು. “ಎಮ್ಮಿ ಸಾಕಿದಂಗ ಸಾಕಬೇಕ್ರಿ” ಎಂದು ಅಜ್ಜ ಹೇಳಿದ ಮಾತು ಇಂದಿಗೂ ನೆನಪಿದೆ.

ಇಷ್ಟೆಲ್ಲ ತೊಡಕಿದ್ದರೂ ತುಂಗಭದ್ರೆಗೆ ಇದೇ ಏಕೆ? ಉತ್ತರ ಆ ನದಿಯ ಪಾತ್ರದಲ್ಲಿಯೇ ಇದೆ. ಆನೆಗುಂದಿ-ಹಂಪಿಯ ಸುತ್ತಮುತ್ತ ನದಿಯ ತುಂಬ ಕಣಶಿಲೆಯ ಬಂಡೆಗಳು. ಅವುಗಳಲ್ಲಿ ಹಲವು ನೀರಿನ ಕೆಳಗೆ ಅಡಗಿವೆ. ಹಲಗೆಯ ದೋಣಿ ಇಂತಹ ಬಂಡೆಗೆ ಬಡಿದರೆ ಸೀಳುತ್ತದೆ. ಬಿದಿರಿನ ಹಂದರವಾದರೋ ಬಡಿತಕ್ಕೆ ಬಾಗಿ ಮತ್ತೆ ತನ್ನ ಆಕಾರಕ್ಕೆ ಮರಳುತ್ತದೆ. ತಳ ಅಗಲವೂ ಚಪ್ಪಟೆಯೂ ಆಗಿರುವುದರಿಂದ ಅದು ನೀರಿನಲ್ಲಿ ಹೆಚ್ಚು ಮುಳುಗದೆ ತೆಳುನೀರಿನಲ್ಲಿಯೂ ಸಾಗುತ್ತದೆ. ಮುಂದು ಹಿಂದುಗಳಿಲ್ಲದ ಕಾರಣ ಸುಳಿಗೆ ಸಿಕ್ಕಾಗ ತಿರುಗುತ್ತದೆ. ಅಂಬಿಗ ಒಂದೇ ಹುಟ್ಟಿನಿಂದ ಅದನ್ನು ಅಂಕೆಯಲ್ಲಿಟ್ಟು ದಡ ಸೇರಿಸುತ್ತಾನೆ. ನೆಲದ ಮೇಲೆ ಸಾಗಿಸಬೇಕಾದಾಗ ಚಿಕ್ಕ ಹರಿಗೋಲನ್ನು ಒಬ್ಬನೇ ಬೋರಲಾಗಿ ತಲೆಯ ಮೇಲೆ ಹೊತ್ತು ನಡೆಯಬಲ್ಲ. ಹಗುರತನ ಮತ್ತು ಬಾಗುವಿಕೆ ಇವೆರಡೇ ಅದರ ಬಲ.

ಇತರ ನದಿಗಳು, ಇತರ ಸಾಕ್ಷ್ಯಗಳು

ಹಂದರಕ್ಕೆ ತೊಗಲು ಹೊದಿಸುವ ಈ ವಿದ್ಯೆ ನಮ್ಮ ನದಿಗಳಿಗೆ ಮಾತ್ರ ಸೀಮಿತವಲ್ಲ. ಮರ ವಿರಳವಾಗಿರುವ ಅಥವಾ ಹಲಗೆಯ ದೋಣಿ ಸಲ್ಲದ ಹಲವು ನೆಲೆಗಳಲ್ಲಿ ಇದು ಕಂಡುಬರುತ್ತದೆ. ಆರ್ಕ್ಟಿಕ್ ಪ್ರದೇಶದ ಇನ್ಯುಯಿಟ್ ಜನರು ತೇಲಿಬಂದ ಮರದ ತುಂಡುಗಳಿಂದ ಹಂದರ ಕಟ್ಟಿ ಸೀಲ್ ಪ್ರಾಣಿಯ ತೊಗಲು ಹೊದಿಸಿ ಕಯಾಕ್ ಮಾಡಿಕೊಂಡರು. ವೇಲ್ಸ್ ಮತ್ತು ಐರ್ಲೆಂಡುಗಳಲ್ಲಿ ಹರಿಗೋಲಿನ ದಾಯಾದಿಗಳು ಇಂದಿಗೂ ಇವೆ. ಪಶ್ಚಿಮ ದೇಶಗಳ ಹವ್ಯಾಸಿಗಳು ಈಗ ಮನೆಯಂಗಳದಲ್ಲಿ ಮರದ ತೆಳುಪಟ್ಟಿಗಳ ಹಂದರಕ್ಕೆ ನೈಲಾನ್ ಬಟ್ಟೆ ಹೊದಿಸಿ ಹಗುರವಾದ ಕಯಾಕ್‌ಗಳನ್ನು ಕಟ್ಟುತ್ತಿರುವುದೂ ಇದೇ ವಿದ್ಯೆಯ ಮುಂದುವರಿಕೆ. ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ಅವರು ದಕ್ಷಿಣ ಭಾರತದ ಹರಿಗೋಲುಗಳನ್ನೂ ಬ್ರಿಟನ್ನಿನ ತೊಗಲ ದೋಣಿಗಳನ್ನೂ ಅಭ್ಯಸಿಸಿ ಬರೆದುದು ಈ ಕ್ಷೇತ್ರದಲ್ಲಿ ಇಂದಿಗೂ ಮುಖ್ಯವಾದ ಕೆಲಸ.

ಆದರೆ ಆಕಾರದಲ್ಲಿ ನಮ್ಮ ಹರಿಗೋಲಿಗೆ ತೀರ ಹತ್ತಿರವಾದವು ಟೈಗ್ರಿಸ್-ಯೂಫ್ರೆಟಿಸ್ ನದಿಗಳ ದುಂಡುದೋಣಿಗಳು. ಕ್ರಿ. ಪೂ. 700ರ ಸುಮಾರಿನ ನಿನೆವೆಯ ಅರಮನೆಯ ಉಬ್ಬುಶಿಲ್ಪಗಳಲ್ಲಿ ಅವು ಕಾಣಿಸಿಕೊಳ್ಳುತ್ತವೆ. ಕ್ರಿ. ಪೂ. ಐದನೆಯ ಶತಮಾನದ ಹೆರೊಡೋಟಸ್ ಅವುಗಳ ಬಗೆಗೆ ಒಂದು ಸ್ವಾರಸ್ಯಕರ ವಿವರ ಕೊಡುತ್ತಾನೆ. ಆರ್ಮೇನಿಯದ ವರ್ತಕರು ನೀರವಂಜಿಯಂತಹ ಬಾಗುವ ಕಡ್ಡಿಗಳ ಹಂದರಕ್ಕೆ ತೊಗಲು ಹೊದಿಸಿ, ಸರಕಿನೊಡನೆ ಒಂದು ಕತ್ತೆಯನ್ನೂ ಏರಿಸಿಕೊಂಡು ಪ್ರವಾಹದೊಡನೆ ಬ್ಯಾಬಿಲೋನಿಗೆ ಇಳಿಯುತ್ತಿದ್ದರು. ಅಲ್ಲಿ ಸರಕನ್ನೂ ಹಂದರವನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಹಿಂದಿರುಗುತ್ತಿದ್ದರು. ಹಂದರ ಎಲ್ಲಿಯಾದರೂ ಕಟ್ಟಿಕೊಳ್ಳಬಹುದಾದದ್ದು, ತೊಗಲು ಬಿಟ್ಟುಬರಲಾಗದ ಸ್ವತ್ತು ಎಂಬ ಲೆಕ್ಕಾಚಾರ ಇದರಿಂದ ತಿಳಿಯುತ್ತದೆ.

2014ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ಇರ್ವಿಂಗ್ ಫಿಂಕೆಲ್ ಅವರು ಸುಮಾರು 3700 ವರ್ಷಗಳಷ್ಟು ಹಳೆಯ ಮಣ್ಣಿನ ಫಲಕವೊಂದರ ಪಾಠವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಅದರಲ್ಲಿ ವರ್ಣಿತವಾದ ಪ್ರಳಯಕಾಲದ ನೌಕೆ ದುಂಡಗಿನದು. ಹಗ್ಗವನ್ನು ಸುತ್ತಿ ಹೆಣೆದು ಡಾಂಬರು ಬಳಿದು ಕಟ್ಟಬೇಕಾದ ಒಂದು ಬೃಹತ್ ಹರಿಗೋಲು. ಆ ಪಾಠವನ್ನು ಪರೀಕ್ಷಿಸಲು ಕಿರಿಯ ಪ್ರಮಾಣದ ಪ್ರತಿಕೃತಿಯೊಂದನ್ನು ಕೇರಳದಲ್ಲಿ ಕಟ್ಟಿ ನೀರಿಗಿಳಿಸಿದರು. ಪ್ರಾಚೀನ ಪಠ್ಯವನ್ನು ಅರ್ಥಮಾಡಿಕೊಳ್ಳಲು ಅದು ಹೇಳುವ ವಸ್ತುವನ್ನೇ ಕಟ್ಟಿ ನೋಡುವ ಈ ವಿಧಾನವನ್ನು ಲೇಖನದ ಕೊನೆಯಲ್ಲಿ ಮತ್ತೆ ಪ್ರಸ್ತಾಪಿಸುತ್ತೇನೆ.

ವಿಜಯನಗರದ ಕಾಲದ ಹರಿಗೋಲು

ಈಗ ನಮ್ಮ ತುಂಗಭದ್ರೆಗೆ ಬರೋಣ. ಕೃಷ್ಣದೇವರಾಯನ ಆಳ್ವಿಕೆಯ (1509-1529) ನಡುವೆ, 1520ರ ಆಸುಪಾಸಿನಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ರಾಜಧಾನಿಯಿಂದ ಆನೆಗುಂದಿಗೆ ನದಿ ದಾಟುವ ಬಗೆಯನ್ನು ದಾಖಲಿಸಿದ್ದಾನೆ. ರಾಬರ್ಟ್ ಸೀವೆಲ್ ಅವರು 1900ರಲ್ಲಿ ತಮ್ಮ ವಿಜಯನಗರ ಚರಿತ್ರೆಯೊಡನೆ ಈ ವೃತ್ತಾಂತದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದುದರಿಂದ ಅದು ನಮ್ಮ ಸಂಶೋಧಕರಿಗೆ ಪರಿಚಿತವೇ ಆಗಿದೆ. ಪಾಯಸ್ ಹೇಳುವ ಸಂಗತಿಗಳಿವು: ಇಲ್ಲಿಯ ದೋಣಿಗಳು ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಅವುಗಳಲ್ಲಿ ಹಿಡಿಸುತ್ತಾರೆ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಆದರೆ ಅವು ಸಾಮಾನ್ಯವಾಗಿ ಈಜಿಯೇ ದಾಟುತ್ತವೆ, ಹುಟ್ಟು ಹಾಕಿದಂತೆ ಈ ದೋಣಿಗಳು ತಿರುಗುತ್ತಲೇ ಇರುತ್ತವೆ, ಇತರ ದೋಣಿಗಳಂತೆ ನೇರ ಹೋಗಲಾರವು, ಈ ರಾಜ್ಯದ ಹೊಳೆಗಳಲ್ಲಿ ಇವಲ್ಲದೆ ಬೇರೆ ದೋಣಿಗಳಿಲ್ಲ.

ಕೊನೆಯ ಮಾತು ನಮಗೆ ಅತ್ಯಂತ ಮುಖ್ಯವಾದುದು. ವಿದೇಶೀಯನ ಮಾತಿನಲ್ಲಿ ಸ್ವಲ್ಪ ಅತಿಶಯವಿರಬಹುದು. ಆದರೂ ಹದಿನಾರನೆಯ ಶತಮಾನದ ತುಂಗಭದ್ರೆಯ ದಂಡೆಯ ಮನುಷ್ಯನಿಗೆ ನದಿ ದಾಟುವುದೆಂದರೆ ತೊಗಲ ಬುಟ್ಟಿಯಲ್ಲಿ ಕುಳಿತು ದಾಟುವುದೇ ಆಗಿತ್ತು ಎಂಬುದು ಸ್ಪಷ್ಟ.

ಹರಿಗೋಲು ಬಡವರ ವಾಹನ ಮಾತ್ರವಾಗಿರಲಿಲ್ಲ. ರಾಜ್ಯಗಳ ಭವಿಷ್ಯವೂ ಅದರಲ್ಲಿ ದಾಟಿದೆ. 1398ರಲ್ಲಿ ಬಹಮನಿ ಸುಲ್ತಾನ ಫಿರೂಜ್ ಷಾನ ಸೈನಿಕರು ತುಂಬಿದ ಕೃಷ್ಣೆಯನ್ನು ರಾತ್ರಿ ದಾಟಿ ವಿಜಯನಗರದ ಶಿಬಿರದ ಮೇಲೆ ಬಿದ್ದ ಪ್ರಸಂಗವನ್ನು ಫೆರಿಷ್ತಾ ವಿವರಿಸುತ್ತಾನೆ. ಅದನ್ನು ನಿರೂಪಿಸುವಾಗ ಸೀವೆಲ್ ಅವರು ತೊಗಲು ಹೊದಿಸಿದ ಈ ಬುಟ್ಟಿದೋಣಿಗಳ ಬಗೆಗೆ ಅಡಿಟಿಪ್ಪಣಿ ಬರೆದು, ಫೆರಿಷ್ತಾನ ಅನುವಾದಕ ಬ್ರಿಗ್ಸ್ ಕೊಟ್ಟ ಮಾಹಿತಿಯೊಂದನ್ನು ಉಲ್ಲೇಖಿಸುತ್ತಾರೆ: 1812ರಲ್ಲಿ ಬ್ರಿಟಿಷ್ ಸೇನೆಯ ಒಂದು ತುಕಡಿ ತನ್ನ ಭಾರಿ ಫಿರಂಗಿಗಳನ್ನು ಗಾಡಿಯಿಂದ ಇಳಿಸದೆಯೇ ಇಂತಹ ಹರಿಗೋಲುಗಳಲ್ಲಿ ತುಂಗಭದ್ರೆಯನ್ನು ದಾಟಿಸಿತ್ತು. ಅದಕ್ಕೂ ಮೊದಲು, 1803ರ ಮರಾಠಾ ಯುದ್ಧದ ಕಾಲದಲ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿದ ಆರ್ಥರ್ ವೆಲ್ಲೆಸ್ಲಿ ನದಿ ದಾಟಲು ಬುಟ್ಟಿದೋಣಿಗಳನ್ನು ಕಟ್ಟಿಸಿದ್ದ. ಯುರೋಪಿನ ಫಿರಂಗಿ ಕಟ್ಟಕಡೆಗೆ ಕನ್ನಡ ನಾಡಿನ ಬಿದಿರ ಬುಟ್ಟಿಯನ್ನು ಆಶ್ರಯಿಸಬೇಕಾಯಿತು.

ಮೂರು ಕಾಯಕಗಳು

ಹರಿಗೋಲು ಸಿದ್ಧವಾಗಿ ನೀರಿಗಿಳಿಯಲು ಮೂರು ಬಗೆಯ ಕೈಗಳು ಬೇಕು. ಬಿದಿರು ಸೀಳಿ ಹೆಣೆಯುವ ಕೈ, ತೊಗಲು ಹದಮಾಡಿ ಹೊಲಿಯುವ ಕೈ, ಹುಟ್ಟು ಹಿಡಿದು ನಡೆಸುವ ಕೈ. ನಮ್ಮ ಸಮಾಜದಲ್ಲಿ ಇವು ಪರಂಪರೆಯಿಂದ ಮೂರು ಬೇರೆ ಬೇರೆ ಸಮುದಾಯಗಳ ವೃತ್ತಿಗಳು: ಮೇದರದು ಬಿದಿರು, ಮಾದಾರ-ಸಮಗಾರರದು ತೊಗಲು, ಅಂಬಿಗರದು ನೀರು.

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಈ ದೃಷ್ಟಿಯಿಂದ ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಮೇದರ ಕೇತಯ್ಯ ಬಿದಿರಿನ ಕಾಯಕದವನು. ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ ತೊಗಲಿನ ಕಾಯಕದವರು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ತೊಗಲಿನಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆ ಜನಜನಿತವಾಗಿದೆ. ಅಂಬಿಗರ ಚೌಡಯ್ಯ ದೋಣಿಯ ಕಾಯಕದವನು. ಪರಂಪರೆ ಅವನನ್ನು ತುಂಗಭದ್ರೆಯ ದಂಡೆಯ ಚೌಡದಾನಪುರದೊಡನೆ ಬೆಸೆಯುತ್ತದೆ. ಒಂದು ಹರಿಗೋಲನ್ನು ಕಟ್ಟಿ ನಡೆಸಲು ಬೇಕಾದ ಮೂರೂ ಕಾಯಕಗಳು ಶರಣರ ಸಮೂಹದಲ್ಲಿ ಜೊತೆಗೂಡಿವೆ. ಅವರು ಸೇರಿ ಹರಿಗೋಲು ಕಟ್ಟಿದರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ಆದರೆ ತೊಗಲನ್ನು ಮುಟ್ಟಿದ ಕೈಯನ್ನು ದೂರವಿಟ್ಟ ಸಮಾಜವು ಹೊಳೆ ದಾಟಬೇಕಾದಾಗ ಅದೇ ತೊಗಲಿನ ಮೇಲೆ ಕುಳಿತೇ ದಾಟುತ್ತಿತ್ತು ಎಂಬ ವೈರುಧ್ಯವನ್ನು ಗಮನಿಸಬೇಕು. ಬುಟ್ಟಿಯೊಳಗೆ ಅಂತರ ಕಾಯ್ದುಕೊಳ್ಳಲು ಮೂಲೆಗಳಿರಲಿಲ್ಲ.

ಚೌಡಯ್ಯ ಇತರ ವಚನಕಾರರಂತೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇರಿಸಿಕೊಳ್ಳದೆ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡವನು. ಅಂಬಿಗನೆಂದು ಹಗುರವಾಗಿ ಮಾತನಾಡಬೇಡ, ನಂಬಿದವರನ್ನು ಒಂದೇ ಹುಟ್ಟಿನಲ್ಲಿ ಕೈಲಾಸಕ್ಕೆ ಮುಟ್ಟಿಸುವೆ ಎಂಬ ಆಶಯದ ಅವನ ವಚನ ಪ್ರಸಿದ್ಧ. ಇಲ್ಲಿ ಹುಟ್ಟು ಎಂಬುದಕ್ಕೆ ದೋಣಿ ನಡೆಸುವ ಸಾಧನ ಮತ್ತು ಜನ್ಮ ಎಂಬ ಎರಡು ಅರ್ಥಗಳೂ ಸಲ್ಲುತ್ತವೆ. ಹರಿಗೋಲನ್ನು ನಡೆಸುವವನು ನಿಜವಾಗಿಯೂ ಒಂದೇ ಹುಟ್ಟನ್ನು ಹಿಡಿಯುತ್ತಾನೆ ಎಂಬುದನ್ನು ನೆನೆದಾಗ ಆ ಶ್ಲೇಷೆ ಪಂಡಿತರ ಚಮತ್ಕಾರವಾಗಿ ಕಾಣದೆ ವೃತ್ತಿಯ ಅನುಭವದಿಂದ ಮೂಡಿದ ಮಾತಾಗಿ ಕಾಣುತ್ತದೆ.

ಜಿನುಗುವ ದೇಹ

ಇನ್ನು ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಮರಳೋಣ. ದೇಹಕ್ಕೆ ಒಂಬತ್ತು ದ್ವಾರಗಳೆಂಬುದು ಭಾರತೀಯ ಚಿಂತನೆಯಲ್ಲಿ ಪ್ರಾಚೀನವಾದ ಕಲ್ಪನೆ. ಭಗವದ್ಗೀತೆಯಲ್ಲಿ ದೇಹವು ಒಂಬತ್ತು ಬಾಗಿಲುಗಳ ಪುರ. ದೇಹಿಯು ಅದರೊಳಗೆ ನೆಮ್ಮದಿಯಿಂದ ನೆಲಸಿದ ಒಡೆಯ. ಪುರಕ್ಕೆ ಬಾಗಿಲಿರುವುದು ದೋಷವಲ್ಲ, ವ್ಯವಸ್ಥೆ.

ಜೈನಾಗಮವಾದ ಉತ್ತರಾಧ್ಯಯನ ಸೂತ್ರದ ಕೇಶಿ-ಗೌತಮ ಸಂವಾದದಲ್ಲಿ ಇನ್ನೊಂದು ಚಿತ್ರವಿದೆ. ಅಲ್ಲಿ ಶರೀರವೇ ನಾವೆ, ಜೀವವೇ ನಾವಿಕ, ಸಂಸಾರವೇ ಸಮುದ್ರ. ತೂತುಳ್ಳ ನಾವೆ ಪಾರವನ್ನು ಸೇರದು, ತೂತಿಲ್ಲದ ನಾವೆ ಸೇರುತ್ತದೆ ಎಂಬುದು ಗೌತಮನ ಉತ್ತರ. ಕರ್ಮವು ಒಳಹರಿಯುವುದು ಆಸ್ರವ, ಅದನ್ನು ತಡೆಯುವುದು ಸಂವರ ಎಂಬ ತತ್ತ್ವಕ್ಕೆ ಈ ಚಿತ್ರ ಎಷ್ಟು ಸಮರ್ಪಕವೆಂದರೆ ಮುಂದಿನ ವ್ಯಾಖ್ಯಾನಕಾರರು ಆಸ್ರವವನ್ನು ವಿವರಿಸುವಾಗ ತೂತು ಬಿದ್ದ ನಾವೆಯನ್ನು ದೃಷ್ಟಾಂತವಾಗಿ ತರುವುದು ರೂಢಿಯೇ ಆಯಿತು. ಇಲ್ಲಿ ತೂತನ್ನು ಮುಚ್ಚುವುದು ಸಾಧ್ಯ, ಮುಚ್ಚುವವನು ನಾವಿಕನೇ.

ದಾಸರ ಕೀರ್ತನೆಯ ಚಿತ್ರ ಇವೆರಡಕ್ಕಿಂತ ಬೇರೆ. ಹರಿಗೋಲು ತುಂಬಿದೆ, ಅದಕ್ಕೆ ಒಂಬತ್ತು ರಂಧ್ರಗಳಿವೆ, ಹೊಳೆ ಭರದಿಂದ ಹರಿಯುತ್ತಿದೆ. ಇಷ್ಟನ್ನೂ ಹೇಳಿಕೊಂಡ ಭಕ್ತ ರಂಧ್ರಗಳನ್ನು ಮುಚ್ಚೆಂದು ಬೇಡುವುದಿಲ್ಲ, ಬೇರೆ ಹರಿಗೋಲನ್ನು ಕೊಡೆಂದೂ ಬೇಡುವುದಿಲ್ಲ. ತನ್ನನ್ನು ದಾಟಿಸೆಂದು ಅಂಬಿಗನನ್ನು ಬೇಡುತ್ತಾನೆ. ಮರದ ದೋಣಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಬೇಡಿಕೆ ವಿಚಿತ್ರವೆನಿಸುತ್ತದೆ. ಹಲಗೆಯ ದೋಣಿಗೆ ತೂತೆಂದರೆ ಅಪಘಾತ. ತೊಗಲ ಹರಿಗೋಲಿಗೆ ಜಿನುಗುವುದು ದಿನನಿತ್ಯದ ಸ್ಥಿತಿ. ಹೊಲಿಗೆಯಿಲ್ಲದ ಹರಿಗೋಲಿಲ್ಲ, ಜಿನುಗದ ಹೊಲಿಗೆಯಿಲ್ಲ. ನೀರು ಮೊಗೆಯುತ್ತ, ತಿರುಗುತ್ತ, ಬಂಡೆಗಳನ್ನು ತಪ್ಪಿಸುತ್ತ ಅದನ್ನು ದಡ ಮುಟ್ಟಿಸಬಲ್ಲವನು ಅಂಬಿಗ ಮಾತ್ರ. ಪಯಣ ಸಾಧ್ಯವಾಗುವುದು ಅವನ ನೈಪುಣ್ಯದಿಂದಲೇ ಹೊರತು ವಾಹನದ ಪರಿಪೂರ್ಣತೆಯಿಂದಲ್ಲ. ಶರಣಾಗತಿಯ ತತ್ತ್ವಕ್ಕೆ ಇದಕ್ಕಿಂತ ಒಪ್ಪುವ ದೃಷ್ಟಾಂತ ದೊರೆಯಲಾರದು.

ಹಾಗೆಯೇ ಹೋಲಿಕೆಯ ಇನ್ನೊಂದು ಮುಖವೂ ಇದೆ. ಎಲುಬಿನ ಹಂದರ, ಮೇಲೆ ತೊಗಲ ಹೊದಿಕೆ: ದೇಹಕ್ಕೆ ನಮ್ಮ ವೈರಾಗ್ಯ ಸಾಹಿತ್ಯ ಮತ್ತೆ ಮತ್ತೆ ಕೊಡುವ ವರ್ಣನೆಯಿದು. ಹರಿಗೋಲಿನ ರಚನೆಯೂ ಅದೇ. ದೇಹವನ್ನು ಹರಿಗೋಲೆಂದಾಗ ಕವಿಯು ಎರಡು ದೂರದ ವಸ್ತುಗಳನ್ನು ಕಲ್ಪನೆಯಿಂದ ಬೆಸೆಯುತ್ತಿಲ್ಲ. ಅವನ ಕಣ್ಣೆದುರು ದಂಡೆಯ ಮೇಲೆ ಬೋರಲಾಗಿ ಒಣಗುತ್ತಿದ್ದ ವಸ್ತುವಿಗೆ ಪಕ್ಕೆಲುಬುಗಳಿದ್ದವು, ಚರ್ಮವಿತ್ತು, ಅದು ದಿನದಿನಕ್ಕೆ ಸವೆಯುತ್ತಿತ್ತು. ಪುರಂದರದಾಸರ ಜೀವಿತಕಾಲವನ್ನು ಸಾಮಾನ್ಯವಾಗಿ 1484-1564 ಎಂದು ಹೇಳಲಾಗುತ್ತದೆ. ಹಂಪಿಯ ನದೀತೀರದಲ್ಲಿ ಅವರ ಹೆಸರಿನ ಮಂಟಪ ಇಂದಿಗೂ ಇದೆ. ಪಾಯಸ್ ಆನೆಗುಂದಿಗೆ ದಾಟುವ ಹರಿಗೋಲುಗಳನ್ನು ವರ್ಣಿಸಿದ್ದು ಅವರ ಜೀವಿತಾವಧಿಯಲ್ಲಿಯೇ. ಕೀರ್ತನೆಗಳು ಬಾಯಿಂದ ಬಾಯಿಗೆ ಸಾಗಿಬಂದವಾದ್ದರಿಂದ ಪಾಠದ ವಿಷಯದಲ್ಲಿ ಎಚ್ಚರ ಅಗತ್ಯ. ಆದರೂ ಪೋರ್ಚುಗೀಸ್ ಕುದುರೆ ವ್ಯಾಪಾರದ ಹಿನ್ನೆಲೆಯಲ್ಲಿ ಬಂದ ಪ್ರವಾಸಿಯ ಗದ್ಯ ಮತ್ತು ಕನ್ನಡದ ಕೀರ್ತನೆ ಇವೆರಡೂ ಒಂದೇ ನದಿಯ ಒಂದೇ ವಾಹನಕ್ಕೆ ಎರಡು ಸಾಕ್ಷಿಗಳಾಗಿ ನಿಲ್ಲುತ್ತವೆಂಬುದು ಸಣ್ಣ ಸಂಗತಿಯಲ್ಲ. ಒಬ್ಬನು ಹೊರಗಿನಿಂದ ಅದರ ತೊಗಲನ್ನು ನೋಡಿದ. ಇನ್ನೊಬ್ಬರು ಅದರೊಳಗೆ ಕುಳಿತು ಜಿನುಗುವ ನೀರನ್ನು ನೋಡಿದರು.

ಕೈಯಿಂದ ಓದುವುದು

ಐರ್ಲೆಂಡಿನ ಸಂತ ಬ್ರೆಂಡನ್ ತೊಗಲ ದೋಣಿಯಲ್ಲಿ ಸಾಗರಯಾನ ಮಾಡಿದ ಕಥೆ ಮಧ್ಯಯುಗದ ಲ್ಯಾಟಿನ್ ಕೃತಿಯೊಂದರಲ್ಲಿದೆ. ಮರದ ಹಂದರ, ಓಕ್ ಮರದ ತೊಗಟೆಯಿಂದ ಹದಮಾಡಿದ ಎತ್ತಿನ ತೊಗಲು, ಹೊಲಿಗೆಗಳಿಗೆ ಸವರಿದ ಕೊಬ್ಬು ಎಂದು ಆ ಕೃತಿ ದೋಣಿಯ ರಚನೆಯನ್ನೂ ಹೇಳುತ್ತದೆ. ಇದನ್ನು ಕೇವಲ ಕಟ್ಟುಕಥೆಯೆಂದು ಬಗೆದವರು ಅನೇಕರು. ಟಿಮ್ ಸೆವೆರಿನ್ ಎಂಬ ಲೇಖಕ ಆ ವಿವರಗಳನ್ನೇ ಅನುಸರಿಸಿ 49 ಎತ್ತಿನ ತೊಗಲುಗಳನ್ನು ಹೊಲಿದು ದೋಣಿ ಕಟ್ಟಿ, 1976-77ರಲ್ಲಿ ಸಂಗಡಿಗರೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಫೌಂಡ್‌ಲೆಂಡ್ ಸೇರಿದ. ಸಂತನ ಯಾನ ನಡೆಯಿತೆಂಬುದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಪಠ್ಯದಲ್ಲಿಯ ದೋಣಿ ಕಲ್ಪನೆಯದಲ್ಲ, ಅದನ್ನು ಬರೆದವನಿಗೆ ತೊಗಲಿನ ಕೆಲಸ ಗೊತ್ತಿತ್ತು ಎಂಬುದು ಸಿದ್ಧವಾಯಿತು.

ನಮ್ಮ ಪಠ್ಯಗಳ ವಿಷಯದಲ್ಲಿ ಇಂತಹ ಓದು ಇನ್ನೂ ಸಾಕಷ್ಟು ನಡೆದಿಲ್ಲ. ನಾವು ರೂಪಕಗಳ ಉಪಮೇಯವನ್ನು ವಿಸ್ತಾರವಾಗಿ ಚರ್ಚಿಸುತ್ತೇವೆ. ಉಪಮಾನವನ್ನು ಶಬ್ದಾರ್ಥದ ಪಟ್ಟಿಗೆ ಒಪ್ಪಿಸಿಬಿಡುತ್ತೇವೆ. ಆ ಪಟ್ಟಿಯಲ್ಲಿ ಹರಿಗೋಲು ದೋಣಿಯಾದ ಕ್ಷಣದಲ್ಲಿ ಮೇದರ ಕತ್ತಿ, ಸಮಗಾರರ ಸೂಜಿ, ಅಂಬಿಗರ ಎಚ್ಚರ ಎಲ್ಲವೂ ಅಳಿಸಿಹೋಗುತ್ತವೆ. ಉಪಮಾನವನ್ನು ಬಲ್ಲವರು ಇರುವವರೆಗೆ ಮಾತ್ರ ರೂಪಕಕ್ಕೆ ಜೀವವಿರುತ್ತದೆ.

ಆ ಬಲ್ಲವರ ಸಂಖ್ಯೆ ಕ್ಷೀಣಿಸುತ್ತಿದೆ. ಸೇತುವೆಗಳು ಬಂದಿವೆ, ಬರಬೇಕಾದವೇ. ಮಳೆಗಾಲದಲ್ಲಿ ಹೆರಿಗೆಯ ಹೆಂಗಸನ್ನು ಹರಿಗೋಲಿನಲ್ಲಿ ದಾಟಿಸಬೇಕಾದ ಕಷ್ಟವನ್ನು ಸಾಹಿತ್ಯದ ಮೋಹದಿಂದ ಹೊಗಳುವುದು ಸಲ್ಲದು. ಹಂಪಿ, ಹೊಗೇನಕಲ್ಲುಗಳಲ್ಲಿ ಹರಿಗೋಲು ಈಗ ಪ್ರವಾಸಿಗರ ವಿಹಾರದ ಸಾಧನ. ಅದರ ಮೈಮೇಲೆ ಪ್ಲಾಸ್ಟಿಕ್ ಇದೆ, ಡಾಂಬರಿದೆ. ಅದು ನೀರನ್ನು ಚೆನ್ನಾಗಿಯೇ ತಡೆಯುತ್ತದೆ. ಜಿನುಗದ ಹರಿಗೋಲಿನಲ್ಲಿ ಕುಳಿತ ಮಗುವಿಗೆ ಒಂಬತ್ತು ರಂಧ್ರಗಳ ಮಾತು ಇನ್ನು ಅರ್ಥವಾಗುವುದು ಪಾಠದಿಂದಲೇ. ಹಾಗಾದರೆ ಪಾಠ ಸರಿಯಾಗಿರಬೇಕು.

ಆ ಅಜ್ಜ ಈಗಿಲ್ಲ. ಅವರ ಮೊಮ್ಮಗಳು ಈಗ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕಿ. ಕಳೆದ ಸಲ ಭೇಟಿಯಾದಾಗ, ಆ ಕೀರ್ತನೆಯನ್ನು ಬೋಧಿಸುವ ದಿನ ತರಗತಿಗೆ ಒಂದು ಬಿದಿರ ಬುಟ್ಟಿಯನ್ನು ತೆಗೆದುಕೊಂಡು ಹೋಗುತ್ತೇನೆ ಎಂದಳು. “ಮೊದಲ ಬುಟ್ಟಿ ತೋರಸ್ತೀನ್ರಿ ಸರ್, ಆಮ್ಯಾಲೆ ಹಾಡು” ಎಂದಳು. ನಾನೂ ಈಗ ಆ ಕ್ರಮವನ್ನೇ ಅನುಸರಿಸುತ್ತಿದ್ದೇನೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಹರಿಗೋಲು = ದೋಣಿ’ ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ಅಜ್ಜ ಹೇಳಿದ ನಿರ್ವಚನವನ್ನು ಬರೆದುಕೊಂಡಿದ್ದೇನೆ.